ಮುಟ್ಟದೆ ಸಾಕಿದ ನಾಯಿ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನಾನು ಐದನೆಯ ತರಗತಿಯಲ್ಲಿದ್ದೆನೋ ಆರನೆಯದರಲ್ಲಿದ್ದೆನೋ, ಖಚಿತವಿಲ್ಲ. ನಾಯಿ ಬಿಳಿ, ಬೆನ್ನ ಮೇಲೆ ಮಾತ್ರ ಕಂದು ಮಚ್ಚೆ ಎಂದು ನಾನು ಹೇಳಿದರೆ, ಇಲ್ಲ, ಪೂರ್ತಿ ಕಂದು, ಎದೆ ಮಾತ್ರ ಬಿಳಿ ಎಂದು ಗೆಳತಿ ಸಬೀಹಾ ಹಟ ಹಿಡಿಯುತ್ತಾಳೆ. ಇಬ್ಬರ ಹತ್ತಿರವೂ ಒಂದೂ ಫೋಟೊ ಇಲ್ಲ. ಪದೇ ಪದೇ ಹೇಳಿಕೊಂಡ ನೆನಪು ನಯವಾಗುತ್ತಾ ಹೋಗುತ್ತದೆ. ನಯವಾದಷ್ಟೂ ಅದರ ಮೇಲೆ ನನ್ನ ಅನುಮಾನ ಹೆಚ್ಚುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಹೇಳುತ್ತಾ.

ಆ ದಿನಗಳಲ್ಲಿ ಬೆನ್ಸನ್ ಟೌನಿನ ನಮ್ಮ ಅಡ್ಡರಸ್ತೆಯ ಕಾಂಪೌಂಡುಗಳು ಹತ್ತು ವರ್ಷದ ಹುಡುಗಿಯರು ಹತ್ತಿ ಕೂರುವಷ್ಟು ಗಿಡ್ಡವಾಗಿದ್ದವು. ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು, ಕೆಳಗೆ ಸಬೀಹಾಳ ಮನೆ. ಅವಳ ತಂದೆಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ. ಹಾಗಾಗಿ ಮೆಟ್ಟಿಲ ಕೆಳಗೆ ಯಾವಾಗಲೂ ಹುಲ್ಲು ಹಾಸಿದ ಮರದ ಪೆಟ್ಟಿಗೆಗಳು, ಮಾಗಿದ ಸೀಬೆಯ ವಾಸನೆ. ನಾಲ್ಕು ಮೆಟ್ಟಿಲು ಹತ್ತಿದರೆ ಅವರ ಅಡುಗೆಮನೆಯ ಹುರಿದ ಈರುಳ್ಳಿ. ಪೂರ್ತಿ ಮೇಲೆ ಬಂದರೆ ಅಜ್ಜಿ ರೊಟ್ಟಿ ಬಡಿಯುವ ಸದ್ದು, ಹಂಚಿನ ಮೇಲಿನ ಜೋಳದ ಘಮ. ಅಜ್ಜಿ ಎಂದರೆ ಅಪ್ಪನ ತಾಯಿ, ಆ ಮಳೆಗಾಲದಲ್ಲಷ್ಟೇ ಗದಗಿನಿಂದ ನಮ್ಮಲ್ಲಿಗೆ ಬಂದಿದ್ದಳು. ಅಪ್ಪ, ಅಮ್ಮ ಇಬ್ಬರೂ ಆಫೀಸಿಗೆ ಹೋಗುತ್ತಿದ್ದುದರಿಂದ ಹಗಲಿನ ಮನೆಯೆಲ್ಲ ಅವಳದೇ. ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟಳೆಂದರೆ ಪೂಜೆ, ಊಟ ಮುಗಿಯುವ ತನಕ ನಾವು ಅವಳಿಂದ ಒಂದು ಮಾರು ದೂರ. ಸೆರಗು ತಗುಲಿದರೂ ಮತ್ತೆ ಸ್ನಾನ.

ದಸರಾ ರಜೆಯಲ್ಲಿ ನಮ್ಮ ಶಟಲ್ ಕಾಕು ಪಕ್ಕದ ಬಂಗಲೆಯ ಕಾಂಪೌಂಡಿಗೆ ಬಿತ್ತು. ಬಂಗಲೆ ಮಾರಾಟವಾಗಿ, ಮನೆಯವರು ಸಾಮಾನು ತುಂಬಿಕೊಂಡು ಹೋಗಿ ತಿಂಗಳುಗಳಾಗಿದ್ದವು. ಗೋಡೆ ಹತ್ತಿ ನೋಡಿದರೆ ಬಾದಾಮಿ ಮರಕ್ಕೆ ಸರಪಳಿ ಹಾಕಿ ಕಟ್ಟಿದ ನಾಯಿ. ನಾಯಿಯನ್ನು ಮಾತ್ರ ಬಿಟ್ಟು ಹೋಗಿದ್ದರು. ಅಲ್ಲಲ್ಲಿ ಕೂದಲುದುರಿ ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಿವಿಯ ತುಂಬ ಉಣ್ಣೆಹುಳು. ಸರಪಳಿ ಎಟುಕುವಷ್ಟು ದೂರ ತಿರುಗಿ ತಿರುಗಿ ನೆಲದ ಮೇಲೆ ಒಂದು ನುಣುಪಾದ ವೃತ್ತ ಬಿದ್ದಿತ್ತು. ಅದರೊಳಗೆ ಒಂದು ಹುಲ್ಲೆಸಳೂ ಇರಲಿಲ್ಲ.

"ಹತ್ರ ಹೋಗ್ಬೇಡ ಪಾಪಾ, ಕಡಿಚ್ಚಿಡುಂ, ಕಚ್ಚಿಬಿಡತ್ತೆ," ಎಂದು ಕಾವಲಿನ ಚಿನ್ನಪ್ಪ ಒಳಗಿನಿಂದಲೇ ಕೂಗಿದ. ಅವನೂ ತನ್ನ ಊಟದಲ್ಲಿ ಮಿಕ್ಕ ಅನ್ನವನ್ನು ದೂರದಿಂದ ಎಸೆಯುತ್ತಿದ್ದನಂತೆ, ಅಷ್ಟೇ. ದೀಪಾವಳಿ ಕಳೆದ ಮೇಲೆ ಬಂಗಲೆ ಒಡೆಯಲು ಬರುತ್ತಾರೆ, ಮರವನ್ನೂ ಕಡಿಯುತ್ತಾರೆ ಎಂದ. ನಾಯಿಯನ್ನು ಏನು ಮಾಡುತ್ತಾರೆ ಎಂದು ಸಬೀಹಾ ಕೇಳಿದಳು. ಹಗ್ಗ ಹಾಕಿ ಎಳೆದುಕೊಂಡು ಹೋಗಿ ಎಲ್ಲಾದರೂ ಬಿಡುತ್ತಾರೆ ಎಂದ. ಎಲ್ಲಿ ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

ನಾಯಿಯನ್ನು ಬಿಡಿಸಲು ನಮಗಿಂತ ಮೊದಲೇ ಪ್ರಯತ್ನಗಳು ನಡೆದಿದ್ದವು. ರಸ್ತೆಯ ಕೊನೆಯ ಮನೆಯ ದಂಪತಿಗಳಿಗೆ ನಾಯಿಯೆಂದರೆ ಪ್ರಾಣ. ಬಿಸ್ಕತ್ತು, ಹೊಸ ಬೆಲ್ಟು ತಂದು, ಇಂಗ್ಲಿಷಿನಲ್ಲಿ ಮುದ್ದು ಮಾಡುತ್ತಾ ತಲೆ ಸವರಲು ಹೋದ ಆ ಅಂಕಲ್ ಅಂಗೈಗೆ ಹೊಲಿಗೆ ಹಾಕಿಸಿಕೊಂಡು ಬಂದರು. ಇನ್ಯಾರೋ ಗೋಣಿಚೀಲ ಹಿಡಿದು ಬಂದು ಪ್ಯಾಂಟು ಹರಿಸಿಕೊಂಡರು. ಮೇಲಕ್ಕೆದ್ದ ಕೈ ಕಂಡರೆ ಸಾಕು, ಅದು ಹಲ್ಲು ತೋರಿಸುತ್ತಿತ್ತು. ಹುಚ್ಚು ಹಿಡಿದಿದೆ ಎಂದು ರಸ್ತೆಯವರೆಲ್ಲ ತೀರ್ಮಾನಿಸಿದ್ದರು. ಅಪ್ಪ ನನಗೆ ಆ ಗೋಡೆಯನ್ನೇ ಹತ್ತಬಾರದೆಂದ.

ದಾರಿ ತೆರೆದದ್ದು ರೊಟ್ಟಿ. ದಿನವೂ ಕೊನೆಯ ರೊಟ್ಟಿ ನಾಯಿಗೆ ಎನ್ನುವುದು ಅಜ್ಜಿಯ ಪದ್ಧತಿ. ಮಹಡಿ ಮನೆಯಲ್ಲಿ ನಾಯಿ ಎಲ್ಲಿಂದ ಬರಬೇಕು? ಅದನ್ನು ಪ್ಯಾರಪೆಟ್ಟಿನ ಮೇಲಿಟ್ಟು ಕಾಗೆಗೆ ಬಿಡುತ್ತಿದ್ದಳು. ಪಕ್ಕದಲ್ಲೇ ಒಂದು ನಾಯಿ ಉಪವಾಸ ಬಿದ್ದಿದೆ ಎಂದು ನಾನು ಹೇಳಿದಾಗ ಅವಳಿಗೆ ಸಿಟ್ಟೇ ಬಂತು.

"ಇಷ್ಟು ದಿನಾ ಅದರ ಪಾಲಿಂದು ಕಾಗಿಗೆ ಹಾಕೀನಲ್ಲ. ಮೊದಲ ಹೇಳಲಿಕ್ಕೆ ನಿನಗೇನಾಗಿತ್ತು?"

ರೊಟ್ಟಿ ಹಾಕಲು ನನ್ನನ್ನು ಗೋಡೆಯಾಚೆ ಬಿಡುವಂತೆ ಅಪ್ಪನಿಗೆ ಅವಳೇ ಹೇಳಿದಳು. ಷರತ್ತು ಒಂದೇ, ಮುಟ್ಟಬಾರದು. ಮುಟ್ಟಿದರೆ ತಲೆಗೆ ಸ್ನಾನ ಮಾಡದೆ ಒಳಗೆ ಬರುವ ಹಾಗಿಲ್ಲ. ಕೆಳಗಿನ ಮನೆಯಲ್ಲೂ ಅದೇ ಕಾನೂನು. ನಾಯಿ ಮುಟ್ಟಿದರೆ, ಜೊಲ್ಲು ತಗುಲಿದರೆ ನಮಾಜಿಗೆ ಆಗುವುದಿಲ್ಲ ಎಂದು ಸಬೀಹಾಳ ಅಮ್ಮಿ ಒಂದು ತಟ್ಟೆ ಎಲುಬಿನ ಸಾರಿನ ಅನ್ನ ಕೊಟ್ಟು ಹೇಳಿದರು: "ಖಾನಾ ಡಾಲೋ, ಹಾತ್ ನಕ್ಕೋ ಲಗಾವ್." ಊಟ ಹಾಕಿ, ಕೈ ಮಾತ್ರ ಹಚ್ಚಬೇಡಿ. ಮೇಲಿನವರಿಗೆ ಕೆಳಗಿನ ಅಡುಗೆ ಆಗುತ್ತಿರಲಿಲ್ಲ, ಆದರೆ ನಾಯಿಯ ಮಟ್ಟಿಗೆ ಎರಡು ಮನೆಗೂ ಒಂದೇ ಶಾಸ್ತ್ರ.

ಹೀಗೆ ಮುಟ್ಟದ ಸಾಕಣೆ ಶುರುವಾಯಿತು. ಜೇಡರಬಲೆ ಹೊಡೆಯುವ ಬಿದಿರುಕೋಲಿನ ತುದಿಗೆ ಹಳೆಯ ಸೌಟು ಕಟ್ಟಿ ಊಟ ತಳ್ಳುತ್ತಿದ್ದೆವು. ನೀರನ್ನು ಗೋಡೆಯ ಮೇಲಿಂದ ಪೈಪಿನಲ್ಲಿ ಬಿಡುತ್ತಿದ್ದೆವು. ಕಜ್ಜಿಗೆ ಏನು ಮಾಡುವುದೆಂದು ತಿಳಿಯದಾದಾಗ, ಊರಲ್ಲಿ ಎಮ್ಮೆಗಳಿಗೆ ಮಾಡುತ್ತಿದ್ದದ್ದನ್ನು ಅಜ್ಜಿ ಹೇಳಿಕೊಟ್ಟಳು: ಬೇವಿನೆಣ್ಣೆಯಲ್ಲಿ ಅದ್ದಿದ ಗೋಣಿತಾಟನ್ನು ಮರಕ್ಕೆ ಸುತ್ತುವುದು. ನಾಯಿ ಊಟದಲ್ಲಿ ಮುಳುಗಿದ್ದಾಗ ಚಿನ್ನಪ್ಪ ಹಿಂದಿನಿಂದ ಹೋಗಿ ಸುತ್ತಿ ಬಂದ. ತುರಿಕೆ ಬಂದಾಗಲೆಲ್ಲ ನಾಯಿ ಹೋಗಿ ಅದಕ್ಕೇ ಮೈ ಉಜ್ಜುತ್ತಿತ್ತು. ಗೋಡೆ ಹತ್ತಬೇಡ ಎಂದಿದ್ದ ಅಪ್ಪ ಒಂದು ಸಂಜೆ ಪ್ರಾಣಿಗಳ ಡಾಕ್ಟರ ಹತ್ತಿರ ಕೇಳಿ ಮಾತ್ರೆ ತಂದು ರೊಟ್ಟಿಯ ಡಬ್ಬಿಯ ಪಕ್ಕ ಇಟ್ಟ. ನಾನು ಅದನ್ನು ಟೈಗರ್ ಎನ್ನುತ್ತಿದ್ದೆ, ಸಬೀಹಾ ಸುಲ್ತಾನ್ ಎನ್ನುತ್ತಿದ್ದಳು. ಅಜ್ಜಿ ಮಹಡಿಯಿಂದ ಬಗ್ಗಿ, "ಏ ಪರದೇಶಿ, ಉಂಡಿಯೇನೋ?" ಎನ್ನುತ್ತಿದ್ದಳು. ಅದು ಬಾಲ ಆಡಿಸಿದ್ದು ಆ ಹೆಸರಿಗೆ.

ದಿನವೂ ಮಧ್ಯಾಹ್ನ ವೃತ್ತದ ಹೊರಗೆ ಕಾಲು ಚಾಚಿ ಕೂತು ನಾವಿಬ್ಬರೂ ಪುಸ್ತಕ ಓದುತ್ತಿದ್ದೆವು, ಉಪ್ಪು ಖಾರ ಹಚ್ಚಿದ ಸೀಬೆ ತಿನ್ನುತ್ತಿದ್ದೆವು. ಒಂದು ದಿನ ಅದು ನಮ್ಮೆದುರು ಹೊಟ್ಟೆ ಮೇಲೆ ಮಾಡಿ ಮಲಗಿತು. ನಮ್ಮ ಕೈ ಅದರತ್ತ ಬರುವುದೇ ಇಲ್ಲ ಎಂದು ಅದಕ್ಕೆ ಅರ್ಥವಾಗಿತ್ತೆಂದು ಈಗ ಅನ್ನಿಸುತ್ತದೆ. ಆಗ ಹಾಗೆ ಯೋಚಿಸಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಆಗ ನನಗೆ ತಣ್ಣೀರ ಸ್ನಾನದ ಹೆದರಿಕೆ, ಅಷ್ಟೇ.

ದೀಪಾವಳಿಗೆ ಎರಡು ವಾರವಿರುವಾಗ ಚಿನ್ನಪ್ಪ ಮರದ ಕಡೆಯಿಂದ ಸರಪಳಿ ಬಿಚ್ಚಿದ. ನಾಯಿ ಹುಚ್ಚೆದ್ದು ಓಡುತ್ತದೆಂದು ಗೇಟು ಮುಚ್ಚಿ, ಸಬೀಹಾ ಒಂದು ಹಣ್ಣಿನ ಬುಟ್ಟಿ ಅಡ್ಡ ಹಿಡಿದು ನಿಂತಿದ್ದಳು. ನಾಯಿ ಎದ್ದಿತು. ಸರಪಳಿ ಎಳೆದುಕೊಂಡು ವೃತ್ತದ ಅಂಚಿನ ತನಕ ಬಂದಿತು, ಅಲ್ಲಿಂದ ತಿರುಗಿ ಮತ್ತೆ ಸುತ್ತು ಹಾಕಿತು. ಇಡೀ ಮಧ್ಯಾಹ್ನ ಅಂಚು ದಾಟಲಿಲ್ಲ.

"ಹೋಗೋಕೇ ರೆಡಿ ಇಲ್ವಲ್ಲೇ ಇದು," ಎಂದು ಸಬೀಹಾ ಬುಟ್ಟಿ ಕೆಳಗಿಟ್ಟಳು.

ಅಜ್ಜಿ ಮೇಲಿಂದ ಎಲ್ಲ ನೋಡುತ್ತಿದ್ದಳು. "ಸರಪಳಿ ಬಿಚ್ಚೀರಂತ ನಿಮಗ ಗೊತ್ತದ, ಅದಕ್ಕಿನ್ನೂ ಗೊತ್ತಾಗಿಲ್ಲ. ದಿನಾ ರೊಟ್ಟಿ ಒಂದು ಗೇಣು ಆಚೆ ಇಡ್ರಿ. ಒಂದ. ಎರಡಿಟ್ರ ಮತ್ತ ಗಿಡದ ಬುಡಕ್ಕ ಹೋಗಿ ಕೂಡ್ತದ."

ಒಂದು ಗೇಣು ಎಂದರೆ ನನ್ನ ಕೈಯಲ್ಲಿ ಏನೇನೂ ಅಲ್ಲ. ಅಂಚಿನಿಂದ ಗೇಟಿಗೆ ನಲವತ್ತು ಗೇಣಾದರೂ ಇತ್ತು, ಉಳಿದ ದಿನಗಳು ಹದಿನಾಲ್ಕು. ದಿನಕ್ಕೆ ಮೂರು ಹೊತ್ತು ಇಟ್ಟರೆ ಸರಿಹೋಗುತ್ತದೆಂದು ಸಬೀಹಾ ಲೆಕ್ಕ ಹಾಕಿದಳು. ಅಜ್ಜಿಯೂ ಒಪ್ಪಿದಳು. ಅರ್ಧ ದಾರಿಯ ತನಕ ಚೆನ್ನಾಗಿಯೇ ಸಾಗಿತು. ಆಮೇಲೆ ನಾನೊಂದು ತಪ್ಪು ಮಾಡಿದೆ. ಯಾರೂ ಇಲ್ಲದಾಗ ರೊಟ್ಟಿಯನ್ನು ಎರಡು ಮಾರು ಆಚೆ ಇಟ್ಟು, "ಬಾ, ಬಾ" ಎಂದು ಕೈ ಚಾಚಿದೆ. ಪರದೇಶಿ ನನ್ನ ಕೈ ನೋಡಿತು. ಹಿಂದೆ ಸರಿದು ಮರಕ್ಕೆ ಒತ್ತಿಕೊಂಡು ಕೂತಿತು. ನಾಲ್ಕು ದಿನ ಅಲ್ಲಿಂದ ಏಳಲಿಲ್ಲ, ಎದ್ದ ಮೇಲೂ ವೃತ್ತದ ಅಂಚು ದಾಟಲಿಲ್ಲ. ಸಬೀಹಾ ನನ್ನ ಜೊತೆ ಮಾತು ಬಿಟ್ಟಳು. ಅವಳಿಗೆ ಇದು ನೆನಪೇ ಇಲ್ಲವಂತೆ. ನನಗೆ ಮರೆಯಲಾಗಿಲ್ಲ.

ಹಬ್ಬ ಕಳೆದ ಮಾರನೆಯ ದಿನವೇ ಕೆಲಸದವರು ಬಂದರು. ಹೆಂಚುಗಳು ಬೀಳತೊಡಗಿದವು. ಮಧ್ಯಾಹ್ನದೊಳಗೆ ಮರಕ್ಕೆ ಗರಗಸ ಹಾಕಬೇಕು, ನಾಯಿಗೆ ಹಗ್ಗ ತನ್ನಿ ಎಂದು ಮೇಸ್ತ್ರಿ ಹೇಳಿದ. ಚಿನ್ನಪ್ಪ ಅರ್ಧ ಗಂಟೆ ಬಿಡುವು ಕೇಳಿಕೊಂಡ. ನಾವಿಬ್ಬರೂ ಎಷ್ಟು ಕರೆದರೂ ಪರದೇಶಿ ಮರ ಬಿಟ್ಟು ಕದಲಲಿಲ್ಲ, ನಿಂತಲ್ಲೇ ನಡುಗುತ್ತಿತ್ತು. ನಾನು ಮೇಲಕ್ಕೆ ಓಡಿದೆ.

ಅಜ್ಜಿ ಮಡಿಯಲ್ಲಿದ್ದಳು, ಇನ್ನೂ ಪೂಜೆಯಾಗಿರಲಿಲ್ಲ. ನಾನು ಅಳುತ್ತಾ ಹೇಳಿದ್ದನ್ನು ಕೇಳಿ ಒಲೆ ಆರಿಸಿದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಕೈಗೆತ್ತಿಕೊಂಡು ಮೆಟ್ಟಿಲಿಳಿದಳು. ಗೇಟಿನೊಳಗೆ ಹೋಗಿ ಮೇಸ್ತ್ರಿಗೆ, "ಸುತ್ತಿಗಿ ಸ್ವಲ್ಪ ಕೆಳಗಿಡ್ರೆಪಾ. ಒಂದು ರೊಟ್ಟಿ ತಿನ್ನೋ ಅಷ್ಟು ಹೊತ್ತು," ಎಂದಳು. ಸದ್ದು ನಿಂತಿತು. ಛಾವಣಿ ಮೇಲಿದ್ದವರು ಅಲ್ಲೇ ಕೂತು ನೋಡಿದರು.

ಅವಳು ಮರದ ಹತ್ತಿರ ಹೋಗಿ ನಾಯಿಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತಳು. ಒಂದು ಚೂರು ಮುರಿದು ಹಿಂದಕ್ಕಿಟ್ಟಳು. ಅದು ತಿಂದಿತು. ಅವಳು ಒಂದು ಗೇಣು ಮುಂದೆ ಸರಿದು ಇನ್ನೊಂದು ಚೂರು ಇಟ್ಟಳು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಬಿಸಿಲಿನಲ್ಲಿ, ಹೆಂಚಿನ ಧೂಳಿನಲ್ಲಿ, ಅಜ್ಜಿ ಮುಂದೆ, ಸರಪಳಿಯ ಸದ್ದು ಹಿಂದೆ. ಕೊನೆಯ ಚೂರು ಬಿದ್ದದ್ದು ಗೇಟಿನಾಚೆ, ರಸ್ತೆಯ ಮೇಲೆ. ಪರದೇಶಿ ಅದನ್ನೂ ತಿಂದಿತು.

ನಾನು ಗೋಡೆಯ ಮೇಲಿದ್ದೆ. ಆಗ ಅಜ್ಜಿಯ ಎಡಗೈ ಹಿಂದಕ್ಕೆ ಹೋಗಿ ಅದರ ತಲೆಯ ಮೇಲೆ ಒಂದೆರಡು ಕ್ಷಣ ನಿಂತದ್ದನ್ನು ನಾನು ನೋಡಿದೆ. ನಾಯಿ ಹಲ್ಲು ತೋರಿಸಲಿಲ್ಲ. ಗೇಟಿನ ಹತ್ತಿರವೇ ಇದ್ದ ಸಬೀಹಾ, ಇಲ್ಲ, ಅಜ್ಜಿ ರೊಟ್ಟಿ ಇಟ್ಟದ್ದಷ್ಟೇ ಎನ್ನುತ್ತಾಳೆ. ಅಜ್ಜಿ ಮೇಲೆ ಹೋಗಿ ಸ್ನಾನ ಮಾಡಿದಳು. ಸಂಜೆ ಒಣಗುತ್ತಿದ್ದ ಎರಡನೆಯ ಸೀರೆ ನೋಡಿ ಅಪ್ಪ ಕೇಳಿದಾಗ "ಸೆಕಿ ಆಗಿತ್ತು" ಎಂದಳು. ಅಷ್ಟು ಧೂಳಿನಲ್ಲಿ ಓಡಾಡಿದವಳು ಹೇಗೂ ಸ್ನಾನ ಮಾಡುತ್ತಿದ್ದಳು, ಅದು ಸಾಕ್ಷಿಯಲ್ಲ.

ಪರದೇಶಿ ನಮ್ಮ ಮೆಟ್ಟಿಲ ಕೆಳಗೆ ಹಣ್ಣಿನ ಪೆಟ್ಟಿಗೆಗಳ ನಡುವೆ ಎಂಟೋ ಒಂಬತ್ತೋ ವರ್ಷ ಬದುಕಿತು. ಡಾಕ್ಟರು ಬಂದು ಕುತ್ತಿಗೆಯ ಸರಪಳಿ ಕತ್ತರಿಸಿದರು. ಯುಗಾದಿಯ ಹೊತ್ತಿಗೆ ಮೈತುಂಬ ಕೂದಲು. ಬೆಳಿಗ್ಗೆ ಸಬೀಹಾಳ ತಂದೆ ಅಂಗಡಿಗೆ ಹೋಗುವ ಆಟೋ ಹಿಂದೆ ಮುಖ್ಯರಸ್ತೆಯ ತನಕ ಓಡಿ, ಅಲ್ಲಿಂದ ಗತ್ತಿನಲ್ಲಿ ವಾಪಸು ಬರುತ್ತಿತ್ತು. ಹೊಲಿಗೆ ಹಾಕಿಸಿಕೊಂಡಿದ್ದ ಅಂಕಲ್ಲಿಗೂ ಕೊನೆಗೆ ತಲೆ ಸವರಲು ಕೊಟ್ಟಿತು.

ಈಗ ಅಲ್ಲಿ ಐದಂತಸ್ತಿನ ಫ್ಲಾಟುಗಳಿವೆ, ಗೋಡೆಯ ಮೇಲೆ ತಂತಿ. ನಮ್ಮ ಮನೆಯೂ ಹೋಗಿದೆ. ಸಬೀಹಾ ಹಲಸೂರಿನಲ್ಲಿ, ನಾನು ಕೆ.ಆರ್. ಪುರದಲ್ಲಿ, ಫೋನಿನಲ್ಲೇ ನಾಯಿಯ ಬಣ್ಣಕ್ಕಾಗಿ ಜಗಳವಾಡುತ್ತೇವೆ. ಸೀಬೆಯ, ಹುರಿದ ಈರುಳ್ಳಿಯ, ಜೋಳದ ವಾಸನೆ ಒಂದೇ ಮೆಟ್ಟಿಲ ಮೇಲೆ ಸಿಗುವ ಮನೆಯನ್ನು ನಾನು ಆಮೇಲೆ ಕಂಡಿಲ್ಲ. ಒಂದು ನಾಯಿ ಗೇಟು ದಾಟಲಿ ಎಂದು ಎರಡು ಮನೆಯವರು ದಿನಗಟ್ಟಲೆ ಕಾಯುವಷ್ಟು ಪುರುಸೊತ್ತು ಇದ್ದ ರಸ್ತೆಯನ್ನೂ ಕಂಡಿಲ್ಲ.

ಅಜ್ಜಿಗೆ ಈಗ ತೊಂಬತ್ತರ ಹತ್ತಿರ. ಜೀವನ್ ಬಿಮಾ ನಗರದಲ್ಲಿ ಅಪ್ಪ, ಅಮ್ಮನ ಜೊತೆ ಇದ್ದಾಳೆ, ಮಡಿ ಇವತ್ತಿಗೂ ಬಿಟ್ಟಿಲ್ಲ. ಹೋದ ತಿಂಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಎದುರಿಗೆ ಕೂತು ಕೇಳಿದೆ. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ನನ್ನ ಮುಖವನ್ನೊಮ್ಮೆ ನೋಡಿ, ಬುಟ್ಟಿಯನ್ನು ನನ್ನ ಕಡೆ ಸರಿಸಿ, ಮತ್ತೆ ಸುಲಿಯತೊಡಗಿದಳು. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಅವಳಿನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಜ್ಜಿ, ಅವತ್ತು ಗೇಟಿನ ಹತ್ರ ನೀನು ಅದನ್ನ ಮುಟ್ಟಿದ್ಯಾ?"