ಕಪ್ಪು-ಬಿಳುಪಿನ ಮೂರನೇ ಚಿತ್ರ

ನಮ್ಮ ಮಾಲೀಕನ ಮುಖ ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಪರದೆ ಬದಲಾಯಿಸಿದ್ದು ಅವನು, ಕೆಲಸ ಕಳೆದುಕೊಂಡದ್ದು ನನ್ನ ಬಾಮೈದ.

ಬಾಮೈದನನ್ನು ಎಲ್ಲರೂ ಚುಕ್ಕಿ ಅನ್ನುತ್ತಿದ್ದರು. ನಮ್ಮದು ಬಸ್ ನಿಲ್ದಾಣದ ಟಿಕೆಟ್ ಯಂತ್ರ ಮಾಡುವ ಕಾರ್ಖಾನೆ. ನಾನು ಸ್ಕ್ರೂ ಬಿಗಿಯುವವನು, ಅವನು ಪರದೆಯನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಬರೆಯುವವನು. ಸ್ವಿಚ್ ಹಾಕಿದ ಕೂಡಲೇ ಕಂಪನಿಯ ಗುರುತಾದ ಕೆಂಪು ಹಕ್ಕಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣಬೇಕು. ಕಡಿಮೆ ಬಣ್ಣದ ಪರದೆಗೆ ಹೆಚ್ಚು ಬಣ್ಣದ ಚಿತ್ರ ಕೊಟ್ಟರೆ ಹಕ್ಕಿ ಕೆಸರಲ್ಲಿ ಹೊರಳಿದ ಹಾಗೆ ಕಾಣುತ್ತದೆ. ಅದಕ್ಕೇ ಅವನು ಮೂರು ಚಿತ್ರ ಇಟ್ಟಿದ್ದ: ತುಂಬ ಬಣ್ಣದ್ದೊಂದು, ಹದಿನಾರು ಬಣ್ಣದ್ದೊಂದು, ಬರೀ ಕಪ್ಪು-ಬಿಳುಪಿನದೊಂದು. ಪರದೆಯ ಯೋಗ್ಯತೆ ನೋಡಿ ಡ್ರೈವರೇ ಒಂದನ್ನು ಆರಿಸಿಕೊಳ್ಳುತ್ತಿತ್ತು.

ಕಪ್ಪು-ಬಿಳುಪಿನ ಪರದೆಯನ್ನು ನಾವು ಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಆ ಮೂರನೇ ಜಾಗದಲ್ಲಿ, ಕೈ ಪಳಗಲಿ ಅಂತ, ತನ್ನ ಅಮ್ಮನ ಮುಖ ಬರೆದಿದ್ದ. ಫೋಟೋ ಅಂದರೆ ಮಾರು ದೂರ ಓಡುವವರು ನಮ್ಮತ್ತೆ. ಬುತ್ತಿ ತಂದವರನ್ನು ಸ್ಟೂಲಿನ ಮೇಲೆ ಕೂರಿಸಿ ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕಿ ಇಟ್ಟ.

“ಅಲ್ಲಾಡಬೇಡಮ್ಮ. ಇದು ಫೋಟೋ ಅಲ್ಲ, ಬರೀ ಚುಕ್ಕಿ.”

“ಬೇಗ ಮುಗಿಸೋ ಮೂದೇವಿ, ಒಲೆ ಮೇಲೆ ಪಾತ್ರೆ ಇಟ್ಟು ಬಂದಿದೀನಿ.”

ಆ ವರ್ಷವೇ ಅತ್ತೆ ಜ್ವರ ಬಂದು ತೀರಿಕೊಂಡರು. ಮನೆಯಲ್ಲಿ ಅವರದೊಂದು ಚಿತ್ರವಿಲ್ಲ. “ಅಲ್ಲೇ ಇರಲಿ ಬಿಡಿ ಭಾವ, ಯಾರು ನೋಡ್ತಾರೆ?” ಅಂದ ಚುಕ್ಕಿ.

ಮಾಲೀಕ ಉಳಿತಾಯದ ಆಸೆಗೆ ನಮಗೆ ಹೇಳದೆ ಅಗ್ಗದ ಕಪ್ಪು-ಬಿಳುಪಿನ ಪರದೆ ತರಿಸಿ, ಹೊರಗಿನವರಿಂದ ಕೂರಿಸಿದ. ಹಳೇ ನಿಲ್ದಾಣದಲ್ಲಿ ಬಸ್ ಇಲಾಖೆಯ ದೊಡ್ಡ ಸಾಹೇಬರ ಮುಂದೆ ಸ್ವಿಚ್ ಹಾಕಿದರೆ, ಹಕ್ಕಿಯ ಬದಲು ಅತ್ತೆ!

“ಯಾರ್ರೀ ಈ ಅಜ್ಜಿ? ಕಂಪನಿ ಒಡತಿನಾ?” ಅಂದರು ಸಾಹೇಬರು. ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು.

ಪರದೆ ತಾನು ಬದಲಾಯಿಸಿದ್ದೆಂದು ಮಾಲೀಕ ತುಟಿ ಬಿಚ್ಚಲಿಲ್ಲ. ಅಲ್ಲೇ ಚುಕ್ಕಿಯನ್ನು ಕೆಲಸದಿಂದ ತೆಗೆದ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಚುಕ್ಕಿ ನನ್ನ ರಟ್ಟೆ ಹಿಡಿದೆಳೆದ. “ಸುಮ್ನಿರಿ ಭಾವ, ನಿಮ್ಮ ಕೆಲಸಾನೂ ಹೋದ್ರೆ ಅಕ್ಕ ಏನು ಮಾಡ್ತಾಳೆ?”

ಮಿಕ್ಕ ಯಂತ್ರಗಳಿಗೆ ಇನ್ಯಾರೋ ಹಕ್ಕಿ ಹಾಕಿದರು. ಕಾರ್ಖಾನೆಯ ಕಂಪ್ಯೂಟರಿನಲ್ಲಿದ್ದ ಅತ್ತೆಯನ್ನೂ ಅಳಿಸಿದರು. ಹಳೇ ನಿಲ್ದಾಣದ್ದೊಂದನ್ನು ಮರೆತರು. ಚುಕ್ಕಿ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದ. “ಬಂದ್ರಾ? ತಾಳಿ, ಅಮ್ಮನ್ನ ಕರೀತೀನಿ” ಅಂತ ಗುಮಾಸ್ತ ಸ್ವಿಚ್ ಹಾಕುತ್ತಿದ್ದ. ಒಮ್ಮೆ ನಾನೂ ಹೋಗಿದ್ದೆ. ಅತ್ತೆ ಬಂದರು, ಹೋದರು. ಆಮೇಲೆ ಬಸ್ಸಿನ ದರ.

“ಇನ್ನೊಂದು ಬರೆಯೋ” ಅಂದಳು ನನ್ನ ಹೆಂಡತಿ.

“ಎದುರಿಗೆ ಕೂರೋರು ಯಾರಕ್ಕ?”

ಕೊನೆಗೆ ಆ ಯಂತ್ರವೂ ಕೆಟ್ಟು, ಕಾರ್ಖಾನೆಯ ಹಿಂದಿನ ಮೂಲೆಗೆ ಬಂತು. ಚುಕ್ಕಿ ಗೇಟಿನ ಹತ್ತಿರ ಬಂದು ಮಾಲೀಕನಿಗೆ ಕೈಮುಗಿದ. “ಅದೊಂದು ಕೊಡಿ ಸ್ವಾಮಿ. ರಿಪೇರಿ ಮಾಡ್ಕೋತೀನಿ. ಬೇರೇನೂ ಕೇಳಲ್ಲ.”

“ಕೊಟ್ಟೆ ಹೋಗಯ್ಯ. ನಾಳೆ ಬಂದು ತಗೊಂಡು ಹೋಗು.”

ಆ ನಾಳೆ ಹಿಂಬಾಗಿಲ ಬೀಗದ ಕೈ ಸಿಗಲಿಲ್ಲ, ನಾಡಿದ್ದು ಮಾಲೀಕ ಊರಲ್ಲಿರಲಿಲ್ಲ. ಅಷ್ಟರಲ್ಲಿ ಗುಜರಿಯವನು ಬಂದು ಮೂಲೆ ಗುಡಿಸಿಕೊಂಡು ಹೋಗಿದ್ದ.

ಚುಕ್ಕಿ ಈಗ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುತ್ತಾನೆ. ಸಿಕ್ಕಾಗಲೆಲ್ಲ “ಬೀಗದ ಕೈ ಸಿಕ್ತಾ ಭಾವ?” ಅನ್ನುತ್ತಾನೆ. ಇಡೀ ಕಾರ್ಖಾನೆಗೆ ಕೇಳುವಂತೆ ಕಿರುಚುವ ನಾನು ಚೀಟಿ ಇಸಿದುಕೊಂಡು ಸೈಕಲ್ ತಳ್ಳುತ್ತೇನೆ. ಹೋದ ವಾರ ಮಾಲೀಕನನ್ನು ತಡೆದು, ಚುಕ್ಕಿಗೆ ಕೊಟ್ಟೆ ಅಂದ ಯಂತ್ರ ಏನಾಯ್ತು ಅಂತ ಕೇಳಿದೆ.

“ಯಾವ ಯಂತ್ರ? ಓ, ಅದಾ? ನಾಳೆ ಬರೋಕೆ ಹೇಳು” ಅಂದ.