ಒಂದೇ ಕೈಯಲ್ಲಿ ಆಡುವ ಆಟಗಳ ಪೆಟ್ಟಿಗೆ ಆಂಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲಲ್ಲಿ ಕಾವಲುಗಾರ ಒಬ್ಬ ಹೆಂಗಸಿನ ಕೈಚೀಲ ಬಿಚ್ಚಿ ನೋಡುತ್ತಿದ್ದಾನೆ. ಬಾಚಣಿಗೆ, ಕನ್ನಡಕ, ಮಡಿಸಿದ ಸಮವಸ್ತ್ರ. ಕೊನೆಗೆ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಾನೆ. "ಬೇಜಾರು ಮಾಡ್ಕೋಬೇಡಿ ಅಕ್ಕ, ಮೇಲಿನವರ ಮಾತು," ಎನ್ನುವಾಗ ಅವನ ಕಣ್ಣು ನೆಲದ ಮೇಲಿರುತ್ತದೆ. "ನೋಡಪ್ಪ, ನೋಡು. ಅನ್ನ ಆರೋಗುತ್ತೆ, ಬೇಗ ಮುಚ್ಚು," ಎನ್ನುತ್ತಾರೆ ಈಕೆ.

ಇದೇ ಆಸ್ಪತ್ರೆಯ ನೆಲ ಒರೆಸುತ್ತ ತಲೆ ನರೆಸಿಕೊಂಡ ಆಯಾ ಇವರು. ಇವರ ಚೀಲದಲ್ಲಿ ಹುಡುಕುತ್ತಿರುವುದು ಕದ್ದ ಔಷಧಿಯನ್ನಲ್ಲ, ಮಕ್ಕಳ ಕಂಪ್ಯೂಟರ್ ಆಟಗಳು ತುಂಬಿದ ಅಂಗೈಯಗಲದ ಒಂದು ಹಾರ್ಡ್ ಡಿಸ್ಕನ್ನು. ನಾಚಿಕೆ ಎನ್ನುವುದು ಯಾರಿಗಾದರೂ ಇರಬೇಕಾದರೆ ಅದು ಕಾವಲುಗಾರನಿಗಂತೂ ಅಲ್ಲ.

ಆಯಾ ಕೆಲಸ ಮಾಡುವುದು ಮೂತ್ರಪಿಂಡ ಕೈಕೊಟ್ಟ ಮಕ್ಕಳಿಗೆ ಡಯಾಲಿಸಿಸ್ ಮಾಡುವ ವಾರ್ಡಿನಲ್ಲಿ. ಒಂದು ತೋಳಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸುತ್ತಾರೆ. ಅರ್ಧ ದಿನ ಆ ತೋಳು ಅಲುಗಾಡಕೂಡದು. "ಸುಮ್ನೆ ಬಿದ್ಕೋ ಅಂದ್ರೆ ನಮ್ಮ ಕೈಲೇ ಆಗಲ್ಲ, ಮಕ್ಕಳ ಕೈಲಿ ಆಗುತ್ತಾ ಹೇಳಿ," ಎಂದು ಬಕೆಟ್ಟಿಗೆ ನೀರು ಬಿಡುತ್ತ, ಅವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ.

ವಾರ್ಡಿನಲ್ಲಿ ಗಾಲಿಮೇಜಿನ ಮೇಲೆ ಒಂದು ಹಳೇ ಕಂಪ್ಯೂಟರ್ ಇದೆ. ಕಚೇರಿಯವರು ಅದಕ್ಕೆ ಎಂಥ ಬೀಗ ಜಡಿದಿದ್ದಾರೆಂದರೆ, ಒಮ್ಮೆ ಆರಿಸಿದರೆ ಹೊಸದಾಗಿ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಒಂದು ಮಂಚದಿಂದ ಇನ್ನೊಂದಕ್ಕೆ ತಳ್ಳಬೇಕೆಂದರೆ ಆರಿಸಲೇಬೇಕು. ಹೀಗಾಗಿ ಮಕ್ಕಳು ದಿನವೂ ಮೊದಲಿನಿಂದ ಆಟ ಶುರು ಮಾಡಿ, ಅಲ್ಲಿಗೇ ಬಿಟ್ಟು ಮನೆಗೆ ಹೋಗುತ್ತಿದ್ದರು.

ಇದನ್ನು ಆಯಾ ಮನೆಯಲ್ಲಿ ಹೇಳಿಕೊಂಡಾಗ ಕಿವಿಗೊಟ್ಟವನು ಅವರ ಅಳಿಯ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟ ಲ್ಯಾಪ್‌ಟಾಪೊಂದರ ಡಿಸ್ಕ್ ಕಿತ್ತು, ಕರೀ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿ, ವೈರು ಸಿಕ್ಕಿಸಿ ಕೊಟ್ಟ. "ಆಟ ಇದರೊಳಗಿಂದಲೇ ಓಡುತ್ತೆ ಅತ್ತೆ, ಆಡಿದ್ದೂ ಇದರಲ್ಲೇ ಉಳಿಯುತ್ತೆ" ಎಂದನಂತೆ. ವಾರ್ಡಿನ ಹಿರಿಯ ನರ್ಸ್ ಹೂಂ ಅಂದರು. ಅಂದಿನಿಂದ ಮಕ್ಕಳ ಬಾಯಲ್ಲಿ ಇವರು ಪೆಟ್ಟಿಗೆ ಆಂಟಿ.

ಯಾವ ಆಟ ಬೇಕು ಎಂದು ಆರಿಸಿದ್ದು ಮಾತ್ರ ಆಂಟಿಯೇ. ಮನೆಯಲ್ಲಿ ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರತಿಯೊಂದನ್ನೂ ಬಲಗೈಯಲ್ಲಿ ಆಡಿ ನೋಡುತ್ತಿದ್ದರು. ಆಮೇಲೆ ಬಲಗೈ ಸಿಕ್ಕಿಸಿ ಎಡಗೈಯಲ್ಲಿ. "ಎರಡು ಕೈ ಕೇಳೋ ಆಟನೆಲ್ಲ ವಾಪಸ್ ಕಳಿಸ್ದೆ. 'ಭಾಳ ಒಳ್ಳೇ ಆಟ ಅತ್ತೆ' ಅಂತಾನೆ ಅಳಿಯ. ಒಳ್ಳೇದಾದ್ರೆ ನೀನೇ ಆಡ್ಕೊಳ್ಳಪ್ಪ ಅಂದೆ." ಅವರ ಕಟ್ಟಪ್ಪಣೆ ಒಂದೇ: ಪೆಟ್ಟಿಗೆಯ ನೀಲಿ ದೀಪ ಮಿನುಗುತ್ತಿರುವಾಗ ವೈರು ಮುಟ್ಟುವಂತಿಲ್ಲ, ಆಡಿದ್ದು ಆಗ ಒಳಗೆ ದಾಖಲಾಗುತ್ತಿರುತ್ತದೆ. ಐದು ವರ್ಷದ ಪೋರನಿಗೂ ಇದು ಬಾಯಿಪಾಠ.

ಕಿಟಕಿ ಪಕ್ಕದ ಮಂಚದ ಹುಡುಗಿ ಆ ಪೆಟ್ಟಿಗೆಯೊಳಗೆ ಒಂದು ಊರನ್ನೇ ಕಟ್ಟಿದ್ದಳು. ರಸ್ತೆ, ಸೇತುವೆ, ರೈಲು, ನದಿದಂಡೆಯಲ್ಲಿ ಸಾಲುಮನೆಗಳು. ವರ್ಷವಿಡೀ ಸೂಜಿ ಚುಚ್ಚಿಸಿಕೊಂಡು ಕಟ್ಟಿದ ಊರು ಅದು. ಮನೆಯಿಂದ ಹೊರಡುವಾಗ ಹಟ ಮಾಡುತ್ತಿದ್ದವಳು, ಊರಿಗೆ ನೀರು ಬಿಡಬೇಕು ಎಂದು ತಾನೇ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದಳು ಎಂದು ಅವಳ ತಾಯಿ ಹೇಳುತ್ತಾರೆ.

ಹೀಗಿರುವಾಗ ದಾನಿಗಳು ಬಂದರು. ಗೋಡೆಗೆ ಬಣ್ಣ ಬಳಿಸಿ, ಚಿಟ್ಟೆಯ ಚಿತ್ರ ಅಂಟಿಸಿ, 'ಮಕ್ಕಳ ಆನಂದ ಮೂಲೆ' ಎಂದು ಫಲಕ ಹಾಕಿಸಿದರು. ಆನಂದಕ್ಕೆ ಆಟ ಬೇಕು ಎನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಫೋಟೋದಲ್ಲಿ ಪರದೆ ಖಾಲಿ ಕಾಣಬಾರದಲ್ಲ, ಆಯಾಳ ಪೆಟ್ಟಿಗೆ ಜೋಡಿಸಿ ಹುಡುಗಿಯ ಊರನ್ನು ತೆರೆಸಿದರು. ಎಲ್ಲರೂ ಹಲ್ಲು ಕಿರಿದರು. ಆಮೇಲೆ ದಾನಿಯೊಬ್ಬರ ಸಹಾಯಕ ತನ್ನ ಫೋನ್ ಚಾರ್ಜ್ ಮಾಡಿಕೊಳ್ಳಲು ಜಾಗ ಹುಡುಕಿ, ದೀಪ ಮಿನುಗುತ್ತಿದ್ದ ಪೆಟ್ಟಿಗೆಯ ವೈರನ್ನು ಎಳೆದು ಬಿಸಾಕಿದ. ಅಳಿಯ ಮೂರು ದಿನ ಹೆಣಗಿ ಆಟಗಳನ್ನೇನೋ ಉಳಿಸಿದ. ಆದರೆ ಆ ಊರು ಮತ್ತೆ ತೆರೆದುಕೊಳ್ಳಲೇ ಇಲ್ಲ.

ಶಿಕ್ಷೆಯಾಗಿದ್ದು ಯಾರಿಗೆ ಅಂತೀರಿ? ಪೆಟ್ಟಿಗೆಗೆ. ಹೊರಗಿನ ಯಾವ ಸಾಧನವೂ ವಾರ್ಡಿನೊಳಗೆ ಬರಕೂಡದು ಎಂದು ಹುಕುಂ ಆಯಿತು. ದಾನಿಗಳ ಕಡೆಯವನು ವೈರು ಕಿತ್ತಿದ್ದಕ್ಕೆ ಪೆಟ್ಟಿಗೆಗೇಕೆ ಶಿಕ್ಷೆ ಎಂದು ಆಡಳಿತಾಧಿಕಾರಿಯನ್ನು ಕಂಡು ಕೇಳಿದೆ. ಅವರ ಬೆನ್ನ ಹಿಂದೆ ಅದೇ ಫೋಟೋ ಚೌಕಟ್ಟು ಹಾಕಿಸಿಕೊಂಡು ಕೂತಿದೆ: ಪರದೆಯ ಮೇಲೆ ಹುಡುಗಿಯ ಊರು, ಅಂಚಿನಲ್ಲಿ ಆಯಾಳ ಮೊಣಕೈ ಮಾತ್ರ. "ಅಲ್ಲ, ವೈರು ಕಿತ್ತಿದ್ದು ಆ ಹೆಂಗಸೇ. ಮಗುವಿನ ಮುಂದೆ ಅವಳೇ ಒಪ್ಕೊಂಡಿದ್ದಾಳೆ. ಇಂಥವರ ಕೈಗೆ ಕೊಟ್ರೆ ಹೀಗೇ ಆಗೋದು," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಿತ್ತವನನ್ನು ಕಣ್ಣಾರೆ ಕಂಡ ಹಿರಿಯ ನರ್ಸ್ ಪಕ್ಕದ ಕೋಣೆಯಲ್ಲೇ ಇದ್ದಾರೆ, ಅವರನ್ನು ಕರೆದು ಒಂದು ಮಾತು ಕೇಳುವ ಸೌಜನ್ಯವೂ ಈ ಮನುಷ್ಯನಿಗಿಲ್ಲ.

ಈಗ ವಾರ್ಡಿಗೆ ಬಂದು ನೋಡಿ. ಚಿಟ್ಟೆಗಳು ಗೋಡೆಯ ಮೇಲಿವೆ. ಮಕ್ಕಳು ಹೊರಳಾಡುತ್ತವೆ, ತೋಳು ಅಲುಗುತ್ತದೆ, ಯಂತ್ರ ಕೂಗುತ್ತದೆ, ನರ್ಸ್ ಓಡಿ ಬಂದು ಸೂಜಿ ಸರಿಮಾಡುತ್ತಾರೆ. ಕಿಟಕಿ ಪಕ್ಕದ ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಆಂಟಿ ಹಾಸಿಗೆಯಡಿ ಒರೆಸುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ, ಆಂಟಿಯ ಜೊತೆ ಮಾತು ಬಿಟ್ಟು ಬಹಳ ದಿನವಾಯಿತು.

ಪೆಟ್ಟಿಗೆ ಆಯಾಳ ಮನೆಯ ಕಪಾಟಿನಲ್ಲಿ ಟವೆಲ್ ಸುತ್ತಿಕೊಂಡು ಕೂತಿದೆ. "ಅದನ್ನ ಒಳಗೆ ಬಿಟ್ರೆ ಸಾಕು. ನಾನೇ ತರ್ಬೇಕು ಅಂತೇನಿಲ್ಲ, ಯಾರ್ ಬೇಕಾದ್ರೂ ತರ್ಲಿ," ಎನ್ನುತ್ತಾರೆ. ಮಾಡದ ತಪ್ಪನ್ನು ಯಾಕೆ ತಲೆ ಮೇಲೆ ಹೊತ್ತುಕೊಂಡಿರಿ ಎಂದು ಸ್ವಲ್ಪ ಜೋರಾಗಿಯೇ ಕೇಳುತ್ತೇನೆ. ಒರೆಸುವ ಬಟ್ಟೆ ಹಿಂಡುತ್ತಲೇ ಹೇಳುತ್ತಾರೆ:

"ಮಗು ಬಿಕ್ಕಿ ಬಿಕ್ಕಿ ಅಳ್ತಿತ್ತು. ದೊಡ್ಡವರೆಲ್ಲ ಫೋಟೋ ತೆಗೆಸ್ಕೊಂಡು ಹೊರಟೇಹೋದ್ರು. ಯಾರಾದ್ರೂ ಒಬ್ರು ಅದಕ್ಕೆ 'ತಪ್ಪಾಯ್ತು ಕಂದ' ಅನ್ಬೇಕಿತ್ತಲ್ಲ. ಇನ್ಯಾರಿದ್ರು ಅಲ್ಲಿ? ನಾನೇ ಅಂದೆ."