ಅತ್ತೆಯ ಪ್ರಾರ್ಥನೆಗೆ ನನ್ನ ಮಗಳ ಆಮೆನ್

"ಕರ್ತನೇ, ಗದ್ವಾಲ ಬ್ಯಾರೆ ಜಿಲ್ಲಾ ಆದ್ರೂ ನಮ್ಮ ಸೊಸಿ ಮನಸು ಇನ್ನಾ ಅಲ್ಲೇ ಐತಿ. ಈಕಿಗಿ ಬುದ್ಧಿ ಕೊಡಪ್ಪ."

ತೆಲಂಗಾಣದ ಮಕ್ತಲ್‌ನ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಡೆದಿತ್ತು. ಕಣ್ಣು ಮುಚ್ಚಿ ಮೊಣಕಾಲೂರಿದ್ದ ನನಗೆ ಅತ್ತೆಯ ಮಾತು ಕೇಳಿ ಮೈಯೆಲ್ಲ ಉರಿಯಿತು. ನಮ್ಮದು ಆಂಗ್ಲಿಕನ್ ಪದ್ಧತಿಯ ಕ್ರೈಸ್ತರ ಮನೆ. ಮಾವ ಪ್ರಾರ್ಥನಾ ಪುಸ್ತಕ ಓದಿ ಮುಗಿಸಿದ ಮೇಲೆ, ಊಟಕ್ಕೆ ಮುಂಚೆ ಒಬ್ಬೊಬ್ಬರೂ ಸ್ವಂತ ಮಾತಿನಲ್ಲಿ ಬೇಡಿಕೊಳ್ಳಬೇಕು. ಅತ್ತೆ ನನ್ನನ್ನು ಬೈಯುವುದು ಆಗಲೇ. ದೇವರಿಗೆ ಹೇಳಿದ ಮಾತಿಗೆ ಸೊಸೆ ಎದುರುತ್ತರ ಕೊಡುವಂತಿಲ್ಲವಲ್ಲ! ಕಣ್ಣಿನ ಆಪರೇಷನ್ ಆದ ಅಮ್ಮನನ್ನು ನೋಡಿಕೊಳ್ಳಲು ತವರೂರು ಗದ್ವಾಲಕ್ಕೆ ಹೋಗಿ ಬಂದದ್ದೇ ನನ್ನ ತಪ್ಪು.

ಗಂಡ ಎಂದಿನಂತೆ "ಆಮೆನ್" ಅಂದರು. ಅವರಿಗಿಂತ ಜೋರಾಗಿ ಅಂದವಳು ನಮ್ಮ ಐದು ವರ್ಷದ ಮಗಳು.

ಮುಂದಿನ ಸರದಿ ನನ್ನದು. ಕಣ್ಣು ತೆರೆದೇ ಹೇಳಿದೆ: "ಕರ್ತನೇ, ಅತ್ತಿಯವರಿಗೆ ಸಿಟ್ಟಿದ್ರ ನನ್ನ ಮಾರಿ ನೋಡಿ ಬೈಯಾಕ ಹೇಳು. ನಿನ್ನ ಹಿಂದ ನಿಂತು ಬೈಯೋದು ಬ್ಯಾಡ."

ಅದಕ್ಕೆ ಯಾರೂ ಆಮೆನ್ ಅನ್ನಲಿಲ್ಲ. ಮಾವ ಪುಸ್ತಕ ಮುಚ್ಚಿ, "ರೊಟ್ಟಿ ಆರತಾವು, ಏಳ್ರಿ" ಅಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಪುಸ್ತಕದಲ್ಲಿರುವಷ್ಟನ್ನೇ ಓದುತ್ತೇವೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಮೊನ್ನೆ ಮಗಳು ತನ್ನ ಗೊಂಬೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಅದರ ಮುಂದೆ ಮೊಣಕಾಲೂರಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹೇಳುತ್ತಿದ್ದಳು: "ಕರ್ತನೇ, ಈಕಿಗಿ ಬುದ್ಧಿ ಕೊಡಪ್ಪ."